ಸೊಸೆಯ ಹಲ್ಲಿನ ಕ್ಲಿನಿಕ್ಕು

ಹಲ್ಲು ನೋಯುವುದಕ್ಕೂ ಹೊತ್ತುಗೊತ್ತು ಬೇಡವೇ? ಇಡೀ ಪೇಟೆ ಒಂದು ದೊಡ್ಡ ಚರ್ಚೆಯಲ್ಲಿ ಮುಳುಗಿ ಯಾರ ಬಾಯಲ್ಲಿ ನೋಡಿದರೂ ಅದೇ ಮಾತಾಗಿರುವಾಗ, ಅತ್ತೆಯ ಬಾಯಲ್ಲಿ ಎಡಗಡೆಯ ದವಡೆ ಹಲ್ಲು ಎದ್ದು ಕೂತಿತು. ಅವಳಿಗೆ ಉಳಿದಿದ್ದದ್ದೇ ಬೆರಳಲ್ಲಿ ಎಣಿಸುವಷ್ಟು ಹಲ್ಲು. ಅದರಲ್ಲೂ ಇದೊಂದು ನೋಯುವುದು ಬಾಕಿ ಇತ್ತು.

ಬೇರೆ ಯಾರಿಗಾದರೂ ಹಲ್ಲುನೋವು ಬಂದಿದ್ದರೆ ಅಯ್ಯೋ ಅಮ್ಮಾ ಎಂದು ಕೂಗಿ ಮೂರು ಬೀದಿಗೆ ಕೇಳಿಸಬಹುದಿತ್ತು. ಅತ್ತೆಗೆ ಆ ಭಾಗ್ಯವಿರಲಿಲ್ಲ. ಯಾಕೆಂದರೆ ಅವಳ ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಳು. ಅಂದರೆ, ಮಾಡುತ್ತೇನೆ ಎಂದು ಹೇಳಿದ್ದಳು. ಅತ್ತೆ ಅದನ್ನು ನಂಬಿದ್ದಳು. ಅಂದರೆ, ನಂಬಿದ ಹಾಗೆ ಇದ್ದಳು. ಬೀಗ ರಿಪೇರಿಯವನ ಅಂಗಡಿಯ ಮೇಲಿನ ಆ ಎರಡು ಕೋಣೆಯ ಸಂಸಾರ ವರ್ಷಗಟ್ಟಲೆ ನಿಂತಿದ್ದದ್ದು ಇವೆರಡರ ಮೇಲೆಯೇ. ಈಗ ಅತ್ತೆ ಬಾಯಿಬಿಟ್ಟು ಹಲ್ಲು ನೋವು ಅಂದರೆ ಸೊಸೆ ಏನು ಹೇಳಬೇಕು? ನಡೀರಿ ನಮ್ಮ ಕ್ಲಿನಿಕ್ಕಿಗೆ ಅನ್ನಬೇಕು. ಆ ಕ್ಲಿನಿಕ್ಕು ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅದಕ್ಕೇ ಅತ್ತೆ ದವಡೆಗೊಂದು ಲವಂಗ ಒತ್ತಿಕೊಂಡು, ಹಾಲಿನಲ್ಲಿ ಬ್ರೆಡ್ಡು ನೆನೆಸಿಕೊಂಡು, ನೋವನ್ನೂ ಬ್ರೆಡ್ಡನ್ನೂ ಒಟ್ಟಿಗೆ ನುಂಗುತ್ತಿದ್ದಳು.

ಮೊದಲು ಆ ಮನೆಯಲ್ಲಿ ಮಗ ಒಬ್ಬನಿದ್ದ. ಮದುವೆಯಾದರೆ ಸರಿ ಹೋಗುತ್ತಾನೆ ಎಂದು ಈ ಹುಡುಗಿಯನ್ನು ಹುಡುಕಿ ತಂದವಳು ಅತ್ತೆಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಒಂದು ದಿನ ಕ್ಷೌರ ಮಾಡಿಸಿಕೊಂಡು ಬರುತ್ತೇನೆ ಎಂದು ಹೋದವನು ಇನ್ನೂ ಬಂದಿಲ್ಲ. "ಅಷ್ಟೊಂದು ಕೂದಲೇನೂ ಇರಲಿಲ್ಲ ಅವನಿಗೆ" ಎಂದು ಅತ್ತೆ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಹೆತ್ತ ಮಗ ಬಿಟ್ಟುಹೋದ, ಹೊರಗಿನಿಂದ ಬಂದವಳು ಉಳಿದಳು. ಗಂಡನೇ ಇಲ್ಲದ ಮನೆಯಲ್ಲಿ ಈ ಮುದುಕಿಯ ಗೊಣಗಾಟ ಕೇಳಿಕೊಂಡು ಇರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಟ್ಟೆ ಫ್ಯಾಕ್ಟರಿಗೆ ಹೋದಳು. ಫ್ಯಾಕ್ಟರಿ ಮುಚ್ಚಿತು. ಆಮೇಲೆ ಒಂದು ದಿನ ಬಂದು, "ಹಲ್ಲಿನ ಕ್ಲಿನಿಕ್ಕಲ್ಲಿ ಕೆಲಸ ಸಿಕ್ತು ಅತ್ತೆ, ಮಧ್ಯಾಹ್ನದಿಂದ ಸಂಜೆವರೆಗೆ" ಅಂದಳು.

ಸುಳ್ಳು ಹೇಳುವುದು ಸುಲಭ, ಅದನ್ನು ಸಾಕುವುದು ಕಷ್ಟ. ಸೊಸೆ ತನ್ನ ಸುಳ್ಳನ್ನು ಚೆನ್ನಾಗಿ ಸಾಕಿದ್ದಳು. ಆಗಾಗ ಒಂದು ಹೊಸ ಬ್ರಷ್ಷು ತಂದು, "ಕ್ಲಿನಿಕ್ಕಲ್ಲಿ ಕೊಟ್ರು ಅತ್ತೆ, ಕಂಪನಿಯವರು ಸುಮ್ನೆ ಕೊಡ್ತಾರೆ" ಅನ್ನುತ್ತಿದ್ದಳು. ಕೆಂಪು, ನೀಲಿ, ಹಸಿರು. ಕಿಟಕಿಯ ಹತ್ತಿರದ ಗಾಜಿನ ಜಾಡಿ ಬ್ರಷ್ಷುಗಳಿಂದ ಹೂದಾನಿಯ ಹಾಗೆ ತುಂಬಿಹೋಗಿತ್ತು. ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ. ಈ ಮನೆಯಲ್ಲಿ ಬ್ರಷ್ಷಿದ್ದವಳಿಗೆ ಹಲ್ಲಿರಲಿಲ್ಲ. ಆದರೂ ಅತ್ತೆ ಪ್ರತಿ ಬ್ರಷ್ಷನ್ನೂ ಬೆಳಕಿಗೆ ಹಿಡಿದು ನೋಡಿ, "ಎಷ್ಟು ಒಳ್ಳೆ ಡಾಕ್ಟ್ರು" ಎಂದು ಮೆಚ್ಚಿಕೊಳ್ಳುತ್ತಿದ್ದಳು.

ಅತ್ತೆಗೆ ನಿಜ ಗೊತ್ತಾದದ್ದು ಒಂದು ಛತ್ರಿಯಿಂದ. ಮೋಡ ಕಟ್ಟಿದ್ದ ಒಂದು ದಿನ ಸೊಸೆ ಅದನ್ನು ಬಾಗಿಲ ಹಿಂದೆ ಮರೆತು ಹೋದಳು. ಪಾಪ, ನೆನೆದಾಳು ಎಂದು ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ಬಸ್ ಡಿಪೋ ಹಿಂದೆ ಎಂದು ಸೊಸೆ ಯಾವತ್ತೋ ಹೇಳಿದ್ದ ಗುರುತು ಹಿಡಿದು ಹೊರಟಳು. ಡಿಪೋ ಹಿಂದೆ ಹಲ್ಲಿನ ಡಾಕ್ಟರೂ ಇಲ್ಲ, ಕಿವಿಯ ಡಾಕ್ಟರೂ ಇಲ್ಲ. ಒಂದು ಉದ್ದ ಬೀದಿ. ಅಲ್ಲೊಂದು ಮನೆಯ ಮೊದಲ ಮಹಡಿಯ ಕಟಕಟೆಗೆ ಒರಗಿ ನಾಲ್ಕೈದು ಹೆಂಗಸರು ನಿಂತಿದ್ದರು. ಒಬ್ಬಳು ಇನ್ನೊಬ್ಬಳ ಜಡೆ ಹೆಣೆಯುತ್ತಿದ್ದಳು. ಜಡೆ ಹೆಣೆಸಿಕೊಳ್ಳುತ್ತಿದ್ದವಳು ಸೊಸೆ. ಕೆಳಗೆ ಇಬ್ಬರು ಗಂಡಸರು ಏನೂ ಕೆಲಸವಿಲ್ಲದವರ ಹಾಗೆ ತುಂಬ ಶ್ರದ್ಧೆಯಿಂದ ನಿಂತಿದ್ದರು. ಅತ್ತೆಗೆ ಎಲ್ಲ ಗೊತ್ತಾಯಿತು. ವಯಸ್ಸಾಗಿದ್ದದ್ದು ಮಂಡಿಗೆ, ಬುದ್ಧಿಗಲ್ಲ.

ಅವಳು ಹಾಗೆಯೇ ತಿರುಗಿ ಮನೆಗೆ ಬಂದಳು. ಛತ್ರಿಯನ್ನು ಒರೆಸಿ, ಒಣಗಿಸಿ, ಮೊದಲಿದ್ದ ಮೊಳೆಗೇ ನೇತುಹಾಕಿದಳು. ತೊಟತೊಟ ನೆನೆದು ಬಂದ ಸೊಸೆಗೆ, "ಛತ್ರಿ ಮರ್ತು ಹೋಗಿದ್ಯಲ್ಲೇ" ಅಂದಳು, ಅಷ್ಟೇ.

ಸಿಟ್ಟು ಬರಲಿಲ್ಲವೇ? ಬಂತು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸೊಸೆ ಹೊಟ್ಟೆ ಕೆಟ್ಟಿದೆ ಅಂದುಕೊಂಡು ಅನ್ನ ಮೆತ್ತಗೆ ಬೇಯಿಸಿ, ತಟ್ಟೆ ಹಿಡಿದು ಮಂಚದ ಪಕ್ಕ ಕೂತಳು. "ನಿಮಗೇನಾದ್ರೂ ಆದ್ರೆ ನನಗ್ಯಾರಿದ್ದಾರೆ ಅತ್ತೆ?" ಅಂದಳು. ಆ ಮಾತಿಗೆ ಸಿಟ್ಟು ಎಲ್ಲೋ ಜಾರಿಹೋಯಿತು. ಅದರ ಜಾಗಕ್ಕೆ ಹೆದರಿಕೆ ಬಂದು ಕೂತಿತು. ನನಗೆ ಗೊತ್ತು ಅಂತ ಇವಳಿಗೆ ಗೊತ್ತಾದರೆ ಇವಳು ನನ್ನ ಮುಖ ಹೇಗೆ ನೋಡುತ್ತಾಳೆ? ನಾಚಿಕೆಗೆ ಎದ್ದು ಹೋಗಿಬಿಟ್ಟರೆ? ಮಗ ಹೋದಾಗ ಅತ್ತೆ ಅತ್ತಿರಲಿಲ್ಲ. ಸೊಸೆ ಹೋದರೆ ತಡೆದುಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಆವತ್ತಿನಿಂದ ಅವಳು ಏನೂ ಗೊತ್ತಿಲ್ಲದವಳಾದಳು.

ಈಗ ಇದೊಂದು ಚರ್ಚೆ ಬಂದು ವಕ್ಕರಿಸಿತು. ಡಿಪೋ ಹಿಂದಿನ ಬೀದಿಯನ್ನು ಏನು ಮಾಡಬೇಕು ಎಂದು ನಗರಸಭೆ ಸಮಿತಿ ಮಾಡಿ, ಎಲ್ಲರ ಅಭಿಪ್ರಾಯ ಕೇಳಲು ಸಭೆ ಕರೆದಿತ್ತು. ಅಭಿಪ್ರಾಯಕ್ಕೇನು ಬರ? ಕೆಳಗಿನ ಬೀಗ ರಿಪೇರಿಯವನು ಊರಿನ ಬಾಗಿಲಿಗೆಲ್ಲ ಬೀಗ ಹಾಕಿದರೂ ತನ್ನ ಬಾಯಿಗೆ ಮಾತ್ರ ಹಾಕಿದವನಲ್ಲ. "ಲೈಸೆನ್ಸ್ ಕೊಟ್ಬಿಡಬೇಕು. ಎಲ್ಲ ಒಂದೇ ಕಡೆ, ಗೇಟು, ಡಾಕ್ಟರ ತಪಾಸಣೆ, ತೆರಿಗೆ. ಅಚ್ಚುಕಟ್ಟು!" ಅನ್ನುತ್ತಿದ್ದ. ಗೇಟು ಅಂದ ಮೇಲೆ ಬೀಗ, ಬೀಗ ಅಂದ ಮೇಲೆ ತಾನು ಎಂಬ ಲೆಕ್ಕ ಅವನ ತಲೆಯಲ್ಲಿತ್ತೋ ಏನೋ, ದೇವರಿಗೇ ಗೊತ್ತು. ಪಕ್ಕದ ಮನೆಯ ಟೀಚರಮ್ಮ ನಿವೃತ್ತಿಯಾದ ಮೇಲೆ ತಿದ್ದಲು ಮಕ್ಕಳಿಲ್ಲದೆ ಲೋಕವನ್ನೇ ತಿದ್ದಲು ಹೊರಟಿದ್ದರು. "ಮಾರಾಟಕ್ಕಿಡೋಕೆ ಹೆಣ್ಣೇನು ಸಾಮಾನಾ? ಕೊಳ್ಳೋಕೆ ಬರೋ ಗಂಡಸರನ್ನ ಒಳಗೆ ಹಾಕಿ, ಬೀದಿ ತಾನಾಗೇ ಮುಚ್ಚತ್ತೆ" ಎಂದು ಅವರ ವಾದ. ಅವರ ಮಾತಿನಲ್ಲಿ ಸತ್ಯವಿತ್ತು, ಕಣ್ಣಲ್ಲಿ ನೀರೂ ಇತ್ತು. ಬೀಗದವನ ಮಾತಿನಲ್ಲೂ ಸತ್ಯವಿರಲಿಲ್ಲವೆಂದಲ್ಲ. ತಮಾಷೆಯೆಂದರೆ ಇಷ್ಟು ಮಾತಾಡುವವರೆಲ್ಲ ಆ ಕಸುಬಿನ ಹೆಸರೆತ್ತುವ ಹೊತ್ತಿಗೆ ದನಿ ತಗ್ಗಿಸಿ "ಅದು" ಅನ್ನುತ್ತಿದ್ದರು. ಅತ್ತೆ ಮೇಲಿನ ಕಿಟಕಿಯಲ್ಲಿ ಲವಂಗ ಕಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಪೊಲೀಸ್ ಪೇದೆ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಕೆಟ್ಟವನಲ್ಲ. ಹೊಟ್ಟೆ ದೊಡ್ಡದು, ಧೈರ್ಯ ಚಿಕ್ಕದು. ಅತ್ತೆ ಟೀ ಕೊಟ್ಟಳು.

"ಅಜ್ಜಿ, ನಿಮ್ಮ ಸೊಸೆ ಏನು ಕೆಲಸ ಮಾಡ್ತಾರೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ದೆ ಏನಪ್ಪಾ? ಹಲ್ಲಿನ ಕ್ಲಿನಿಕ್ಕು. ನೋಡು ಅಲ್ಲಿ" ಎಂದು ಅತ್ತೆ ಜಾಡಿಯ ಕಡೆ ಕೈ ತೋರಿಸಿದಳು.

ಪೇದೆ ಬ್ರಷ್ಷುಗಳನ್ನು ನೋಡಿದ. ಅತ್ತೆಯ ಮುಖ ನೋಡಿದ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಲೋಟ ತಿರುಗಿಸುತ್ತಾ, "ಸರಿ, ಮಾತಿಗೆ ಹೇಳ್ತೀನಿ ಅಜ್ಜಿ, ಬರೀ ಮಾತಿಗೆ. ಯಾರೋ ಒಬ್ಬ ಹೆಂಗಸು ಆ ಕೆಲಸ ಮಾಡ್ತಾಳೆ ಅಂತಿಟ್ಕೊಳ್ಳಿ. ಅವಳ ಸಂಪಾದನೆಯಲ್ಲಿ ಬದುಕೋ ವಯಸ್ಕರು ಯಾರೇ ಇದ್ರೂ ಈಗಿನ ಕಾನೂನಲ್ಲಿ ಅದು ಅಪರಾಧ. ದಲ್ಲಾಳಿಗೆ ಏನು ಶಿಕ್ಷೆಯೋ ಅವರಿಗೂ ಅದೇ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ಈಗ ಸಭೆ ಗಲಾಟೆ ಅಂತ ಮನೆಮನೆ ನೋಡೋಕೆ ಹೇಳಿದ್ದಾರೆ" ಅಂದ.

"ವಯಸ್ಕರು ಅಂದ್ರೆ?"

"ಹದಿನೆಂಟು ದಾಟಿದವರು."

"ನಾನು ದಾಟಿ ಸ್ವಲ್ಪ ದಿನ ಆಯ್ತಪ್ಪಾ" ಅಂದಳು ಅತ್ತೆ.

ಪೇದೆಗೆ ಟೀ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು, "ಹೊಸ ಕಾನೂನು ಬಂದ್ರೂ ನಿಮ್ಮಂಥೋರಿಗೆ, ಅಂದ್ರೆ ಮಾತಿಗೆ, ಕಷ್ಟವೇ. ಲೈಸೆನ್ಸ್ ತಗೊಂಡವರು ಗೇಟಿನ ಒಳಗೇ ಇರಬೇಕಂತೆ. ಅಲ್ಲಿ ಸಂಸಾರ ಇಟ್ಕೊಳ್ಳೋ ಹಾಗಿಲ್ವಂತೆ. ನಾನು ಬಂದಿದ್ದೆ ಅಂತ ಹೇಳಬೇಡಿ" ಎಂದು ಲೋಟ ಕೆಳಗಿಟ್ಟು ಹೋದ.

ಅತ್ತ ದರಿ, ಇತ್ತ ಪುಲಿ. ಹಳೇ ಕಾನೂನು ಉಳಿದರೆ ಮುದುಕಿಯ ಕೈಗೆ ಕೋಳ, ಹೊಸದು ಬಂದರೆ ಮುದುಕಿಗೆ ಬೀದಿ. ಅತ್ತೆಗೆ ಮೊದಲು ನಗು ಬಂತು. ದಲ್ಲಾಳಿ! ಒಂದು ಸೌತೆಕಾಯಿಯನ್ನೂ ಚೌಕಾಸಿ ಮಾಡಿ ತರಲು ಬರದವಳು ದಲ್ಲಾಳಿ! ಆಮೇಲೆ ನಗು ನಿಂತಿತು.

ಪೇದೆ ಸೊಸೆಗೂ ಹೇಳಿದ್ದನೆಂದು ಕಾಣುತ್ತದೆ. ಆ ಸಂಜೆ ಅವಳು ಬ್ರೆಡ್ಡು ಕತ್ತರಿಸುತ್ತಾ, ಮುಖ ಎತ್ತದೆ ಮಾತು ತೆಗೆದಳು.

"ಅತ್ತೆ, ಊರಾಚೆ ಒಂದು ವೃದ್ಧಾಶ್ರಮ ಇದೆಯಂತೆ. ತುಂಬ ಚೆನ್ನಾಗಿದೆಯಂತೆ. ತೋಟ ಇದೆಯಂತೆ. ಬೆಳಗ್ಗೆ ವ್ಯಾಯಾಮ ಮಾಡಿಸ್ತಾರಂತೆ."

"ನಾನು ವ್ಯಾಯಾಮ ಮಾಡಿ ಯಾರ ಜೊತೆ ಕುಸ್ತಿ ಆಡಬೇಕೇ?"

"ಸ್ವಲ್ಪ ದಿನ ಅಷ್ಟೇ. ಕ್ಲಿನಿಕ್ಕಲ್ಲಿ... ಕೆಲಸ ಜಾಸ್ತಿ ಆಗತ್ತೆ. ಅಲ್ಲೇ ಉಳ್ಕೋಬೇಕಾಗಬಹುದು."

"ಹಲ್ಲು ಕೀಳೋಕೆ ಅಲ್ಲೇ ಯಾಕೆ ಉಳ್ಕೋಬೇಕು?"

ಚಾಕು ಬ್ರೆಡ್ಡಿನ ಮೇಲೆ ಹಾಗೆಯೇ ನಿಂತಿತ್ತು. ಹೊರಗೆ ಹಾಕುತ್ತಿರುವುದಲ್ಲ, ಉಳಿಸಲು ನೋಡುತ್ತಿರುವುದು ಎಂದು ಅತ್ತೆಗೆ ತಿಳಿಯುತ್ತಿತ್ತು. ಆದರೆ ಸೊಸೆಗೆ ಕಾರಣ ಹೇಳಲು ಬಾಯಿಲ್ಲ, ಅತ್ತೆಗೆ ಗೊತ್ತಿದೆ ಎನ್ನಲು ಬಾಯಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಮಾಡಿದವನಿಗೆ ಇಬ್ಬರಿಗೂ ಒಟ್ಟಿಗೇ ಕೆಟ್ಟ ಕಾಲ ಬರಬಹುದೆಂದು ತೋಚಿರಲಿಲ್ಲ. ಸಭೆ ಮುಗಿದ ಮರುದಿನ ಆಶ್ರಮ ನೋಡಿಕೊಂಡು ಬರೋಣ ಎಂದು ಸೊಸೆ ಹೇಳಿ ಮಲಗಿದಳು. ಅತ್ತೆ ಗೋಡೆಯ ಕಡೆ ತಿರುಗಿ ಸದ್ದಿಲ್ಲದೆ ಅತ್ತಳು. ಹಲ್ಲಿಗಾಗಿ ಅತ್ತಿದ್ದು ಎಂದು ತನಗೆ ತಾನೇ ಹೇಳಿಕೊಂಡಳು.

ಸಭೆಯ ದಿನ ಸೊಸೆ ಬೇಗ ಹೊರಟಳು. "ಇವತ್ತು ಕ್ಲಿನಿಕ್ಕಲ್ಲಿ ರಷ್ಷು ಅತ್ತೆ." ಅವಳು ಮೂಲೆ ತಿರುಗುವುದೇ ತಡ, ಟೀಚರಮ್ಮ ಬಾಗಿಲು ತಟ್ಟಿದರು. ಅವರಿಗೆ ತಮ್ಮ ಕಡೆಗೆ ತಲೆ ಬೇಕಾಗಿತ್ತು, ನರೆತ ತಲೆಯಾದರೆ ಇನ್ನೂ ಒಳ್ಳೆಯದು. ತನ್ನ ತಲೆಯ ಮೇಲಿನ ಸೂರಿನ ವಿಷಯ ಏನಾಗುತ್ತದೋ ನೋಡೋಣ ಎಂದು ಅತ್ತೆಯೂ ಹೊರಟಳು. ಟೀಚರಮ್ಮ ಅವಳ ಕೈಗೊಂದು ರಟ್ಟಿನ ಫಲಕ ಕೊಟ್ಟರು. 'ನಮ್ಮ ಹೆಣ್ಣುಮಕ್ಕಳನ್ನು ಉಳಿಸಿ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದರಲ್ಲಿ ಅತ್ತೆಗೆ ತಕರಾರಿರಲಿಲ್ಲ.

ನಗರಸಭೆಯ ಹಾಲಿನಲ್ಲಿ ಫ್ಯಾನುಗಳು ಗಾಳಿಗಿಂತ ಸದ್ದು ಹೆಚ್ಚು ಮಾಡುತ್ತಿದ್ದವು. ವೇದಿಕೆಯ ಮೇಲೆ ಅಧ್ಯಕ್ಷರು, ಅವರ ಮುಂದೆ ಒಂದು ಗಂಟೆ. ಬಲಗಡೆ ಟೀಚರಮ್ಮನ ಪಂಗಡ, ನಡುವೆ ಬೀಗದವನಂಥ ಸಾರ್ವಜನಿಕರು, ಎಡಗಡೆ ಡಿಪೋ ಹಿಂದಿನ ಬೀದಿಯ ಹೆಂಗಸರು. ಅವರಲ್ಲಿ ಹಲವರು ಮುಖಕ್ಕೆ ಶಾಲು ಸುತ್ತಿಕೊಂಡಿದ್ದರು. ಎರಡನೇ ಸಾಲಿನಲ್ಲಿ ಒಬ್ಬಳು ಚಪ್ಪಲಿ ಕಳಚಿ, ಒಂದು ಪಾದದ ಮೇಲೆ ಇನ್ನೊಂದು ಪಾದವಿಟ್ಟು ಹಿಮ್ಮಡಿ ಉಜ್ಜುತ್ತಾ ಕೂತಿದ್ದಳು. ಒಡೆದ ಹಿಮ್ಮಡಿಯ ಆ ಅಭ್ಯಾಸಕ್ಕೆ ಅತ್ತೆ ದಿನಾ ಬೈಯುತ್ತಿದ್ದಳು. ಶಾಲು ಮುಖ ಮುಚ್ಚೀತು, ಕಾಲು ಮುಚ್ಚೀತೇ? ಅತ್ತೆ ಆ ಕಡೆ ನೋಡುವ ಹೊತ್ತಿಗೇ ಶಾಲಿನ ಸಂದಿಯಿಂದ ಎರಡು ಕಣ್ಣುಗಳು ಅತ್ತೆಯನ್ನೂ, ಅವಳ ಕೈಯಲ್ಲಿದ್ದ ಫಲಕವನ್ನೂ ನೋಡಿದವು. ಹಿಮ್ಮಡಿ ಉಜ್ಜುವುದು ನಿಂತಿತು. ಅತ್ತೆ ಗಾಬರಿಯಲ್ಲಿ ಫಲಕವನ್ನು ತನ್ನ ಮುಖಕ್ಕೇ ಅಡ್ಡ ಹಿಡಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು.

ಮಾತುಗಳು ಶುರುವಾದವು. ಒಬ್ಬ ಅಧಿಕಾರಿ ಎದ್ದು ಲೈಸೆನ್ಸಿನ ಯೋಜನೆ ಓದಿದ: ಗೋಡೆಗೆ ಫೋಟೋ, ವಾರ ವಾರ ತಪಾಸಣೆ, ಎತ್ತರದ ಕಾಂಪೌಂಡು. ಟೀಚರಮ್ಮ ಎದ್ದು ನಡುಗುವ ದನಿಯಲ್ಲಿ, ನೋವನ್ನು ಕಾನೂನಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರೆ ಅದು ನೋವಲ್ಲದೆ ಹೋಗುತ್ತದೆಯೇ ಎಂದು ಕೇಳಿದರು. ಚಪ್ಪಾಳೆ ಬಿತ್ತು. ಕೊನೆಗೆ ಎಡಗಡೆಯಿಂದ ಕನ್ನಡಕದ ದಪ್ಪ ಹೆಂಗಸೊಬ್ಬಳು ಎದ್ದಳು. ಅವಳು ಮುಖ ಮುಚ್ಚಿರಲಿಲ್ಲ. ಆ ಬೀದಿಯ ಸಂಘಕ್ಕೆ ಅವಳೇ ನಾಯಕಿ.

"ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರಲ್ಲ, ಇವತ್ತು ಕೇಳಿದ್ದೀರಿ, ಸಂತೋಷ" ಅಂದಳು. "ನಮ್ಮಲ್ಲೂ ಎಲ್ಲರದ್ದೂ ಒಂದೇ ಮಾತಿಲ್ಲ. ಬೇರೆ ಕೆಲಸ ಕೊಟ್ರೆ ನಾಳೆನೇ ಬಿಡ್ತೀನಿ ಅನ್ನೋರಿದ್ದಾರೆ. ಲೈಸೆನ್ಸ್ ಆದ್ರೂ ಕೊಡಲಿ ಅನ್ನೋರಿದ್ದಾರೆ. ಆದ್ರೆ ಎಲ್ಲರೂ ಕೇಳೋದು ಒಂದಿದೆ. ನಮ್ಮನ್ನ ಜೈಲಿಗೂ ಹಾಕಬೇಡಿ, ಗೇಟಿನೊಳಗೂ ಹಾಕಬೇಡಿ. ನಮಗೂ ಮನೆ ಇದೆ, ಮನೆಯವರಿದ್ದಾರೆ. ನಮ್ಮ ಹತ್ರ ಬರೋರಿಗೂ ಮನೆಯವರಿದ್ದಾರೆ. ಅವರೂ ಈ ಹಾಲಲ್ಲೇ ಕೂತಿದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಡುವಿನ ಸಾಲುಗಳಲ್ಲಿ ಒಬ್ಬನಿಗೆ ಕೆಮ್ಮು ಬಂತು, ಒಬ್ಬನ ಪೆನ್ನು ಕೆಳಗೆ ಬಿತ್ತು, ಬೀಗದವನು ಚಾವಣಿಯ ಫ್ಯಾನನ್ನು ಎಂದೂ ನೋಡದವನ ಹಾಗೆ ನೋಡತೊಡಗಿದ.

ಅಧ್ಯಕ್ಷರು ಗಂಟೆ ಬಾರಿಸಿದರು. "ಮನೆಯವರು, ಮನೆಯವರು ಅಂತೀರಿ. ಇಲ್ಲಿವರೆಗೆ ಒಬ್ಬರಾದ್ರೂ ಎದ್ದು, ನಾವು ಇವರ ಮನೆಯವರು ಅಂದಿದ್ದಾರಾ?"

"ಎದ್ರೆ ಒಳಗೆ ಹಾಕ್ತೀರಲ್ಲ ಸ್ವಾಮಿ. ಯಾರು ಏಳ್ತಾರೆ?"

ಅತ್ತೆಯ ಹಲ್ಲು ಜಿಮ್ಮೆಂದಿತು. ಎರಡನೇ ಸಾಲಿನಲ್ಲಿ ಕೂತವಳು ತಲೆ ತಗ್ಗಿಸಿದ್ದು ಕಂಡಿತು. ಆ ತಗ್ಗಿದ ತಲೆಯನ್ನು ನೋಡುತ್ತಾ ಕೂರುವುದು ಹಲ್ಲುನೋವಿಗಿಂತ ಕಷ್ಟವಾಯಿತು. ಅತ್ತೆ ಫಲಕ ಊರಿಕೊಂಡು ಎದ್ದು ನಿಂತಳು.

"ನನ್ನದೊಂದು ಮಾತಿದೆ ಸ್ವಾಮಿ."

"ನೀವ್ಯಾರಮ್ಮ?"

"ನಾನು ಅತ್ತೆ."

"ಯಾರ ಅತ್ತೆ?"

"ಸೊಸೆಯ ಅತ್ತೆ."

ಜನ ನಕ್ಕರು. ಅತ್ತೆ ಲವಂಗವನ್ನು ಬಲಗೆನ್ನೆಗೆ ಸರಿಸಿಕೊಂಡಳು. "ನನ್ನ ಸೊಸೆ ಹಲ್ಲಿನ ಕ್ಲಿನಿಕ್ಕಲ್ಲಿ ಕೆಲಸ ಮಾಡ್ತಾಳೆ."

"ಅಮ್ಮಾ, ಇವತ್ತಿನ ವಿಷಯ ಹಲ್ಲಲ್ಲ."

"ಗೊತ್ತು ಸ್ವಾಮಿ. ಮಾತಿಗೆ ಹೇಳ್ತಿದ್ದೀನಿ. ಬೆಳಗ್ಗೆಯಿಂದ ಎಲ್ಲರೂ ಮಾತಿಗೇ ಹೇಳ್ತಿಲ್ವಾ? ನನ್ನ ಸೊಸೆ ಹಲ್ಲಿನ ಕ್ಲಿನಿಕ್ಕಲ್ಲಿದ್ದಾಳೆ. ಅಲ್ಲಿ ಏನೇನು ಮಾಡ್ತಾರೆ ಅಂತ ನಾನು ಕೇಳಿಲ್ಲ. ಬೇರೆಯವರ ಬಾಯಿ ನೋಡೋ ಕೆಲಸ, ಯಾವಾಗ್ಲೂ ಚೆನ್ನಾಗಿರಲ್ಲ. ಒಂದೊಂದು ದಿನ ನಗ್ತಾ ಬರ್ತಾಳೆ. ಒಂದೊಂದು ದಿನ ಬಂದು ಗೋಡೆ ಕಡೆ ತಿರುಗಿ ಮಲಗ್ತಾಳೆ. ಆವತ್ತು ನಾನು ರೇಡಿಯೋ ಹಾಕಲ್ಲ. ನನಗೆ ಮಾಡೋಕೆ ಬರೋದು ಅಷ್ಟೇ."

ಅಧ್ಯಕ್ಷರ ಕೈ ಗಂಟೆಯ ಮೇಲೆ ಹೋಯಿತು, ಆದರೆ ಬಾರಿಸಲಿಲ್ಲ. ಎಡಗಡೆ ಕಿಸಕ್ಕೆಂದು ಶುರುವಾಗಿದ್ದ ನಗು ಒಂದೊಂದಾಗಿ ನಿಂತುಹೋಗಿತ್ತು.

"ನಮ್ಮ ಟೀಚರಮ್ಮ ಬಂಗಾರದಂಥೋರು. ಕ್ಲಿನಿಕ್ಕು ಮುಚ್ಚಿ ಅಂತಾರೆ. ಮುಚ್ಚಲಿ. ನಾಳೆ ನಮ್ಮನೆಗೆ ಬ್ರೆಡ್ಡು ಎಲ್ಲಿಂದ ಬರತ್ತೆ ಅಂತ ಅದನ್ನೂ ಹೇಳಲಿ. ಆ ಸಾಹೇಬರು ಕ್ಲಿನಿಕ್ಕಿಗೆಲ್ಲ ಗೇಟು ಹಾಕ್ತಾರಂತೆ. ಒಳಗೆ ಸೊಸೆ ಇರಬಹುದು, ಅತ್ತೆ ಇರಬಾರದು! ಇಂಥ ಕಾನೂನು ಬೇಕು ಅಂತ ಊರಿನ ಸೊಸೆಯರೆಲ್ಲ ನಾಳೆನೇ ಅರ್ಜಿ ಹಾಕ್ತಾರೆ, ನೋಡ್ತಿರಿ."

ಹಾಲು ಗೊಳ್ಳೆಂದಿತು. ಟೀಚರಮ್ಮನೂ ಕರ್ಚೀಫು ಅಡ್ಡ ಹಿಡಿದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ಇನ್ನು ಈಗಿರೋ ಕಾನೂನು. ಅವಳ ದುಡಿಮೆಯಲ್ಲಿ ಬದುಕಿದವರು ಅಪರಾಧಿ ಅನ್ನತ್ತಂತೆ. ಹಾಗಾದ್ರೆ ನಾನು ಅಪರಾಧಿ. ಎಷ್ಟೋ ವರ್ಷದಿಂದ ಉಂಡಿದ್ದೀನಿ. ಉಂಡ ಮನೆ ಜಂತೆ ಎಣಿಸಬಾರದು ಅಂತ ನಾನು ಎಣಿಸ್ಲಿಲ್ಲ, ನೀವು ಬಂದು ಎಣಿಸ್ತಿದ್ದೀರಿ. ಹೆತ್ತ ಮಗ ಒಂದು ಲೋಟ ನೀರು ಕೊಡ್ಲಿಲ್ಲ, ಅವನನ್ನ ಯಾವ ಕಾನೂನೂ ಹುಡುಕ್ಲಿಲ್ಲ. ಇವಳು ತಟ್ಟೆ ಹಿಡಿದು ಉಣ್ಣಿಸಿದಳು, ಅದಕ್ಕೆ ಶಿಕ್ಷೆ. ನನ್ನ ಕೈಗೆ ಕೋಳ ಬೀಳಬಾರದು ಅಂತ ನನ್ನನ್ನ ಆಶ್ರಮಕ್ಕೆ ಸೇರಿಸ್ತಾಳಂತೆ. ನಾನು ಹೋಗಲ್ಲ. ಅವಳು ನನ್ನ ಸೊಸೆ. ನಾನು ಅವಳ ಮನೆಯವಳು. ಬರ್ಕೊಳ್ಳಿ."

ಇಷ್ಟು ಹೇಳಿ ಕೂತುಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ವಯಸ್ಸಾದವರು ಮಾತಿನ ಸರದಿ ಬಿಡುವುದು ಅಷ್ಟು ಸುಲಭವೇ? ತನ್ನ ಮಂಡಿಯ ಕಥೆ, ಬೀದಿ ನಲ್ಲಿಯ ಕಥೆ, ಬೀಗದವನ ಸುತ್ತಿಗೆಯ ಸದ್ದಿನ ಕಥೆ ಎಲ್ಲ ಬಂದವು. ಕೊನೆಗೆ ಹೇಳಬೇಕೆಂದಿದ್ದ ಇನ್ನೇನೋ ಮರೆತುಹೋಗಿ, "ಅದೂ ಅಲ್ದೆ ಒಂದು ವಾರದಿಂದ ನನಗೆ ಹಲ್ಲು ನೋವು" ಅಂದಳು.

ಎಡಗಡೆಯ ಎರಡನೇ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು.

"ಯಾವ ಕಡೆ ಅತ್ತೆ?"

ಶಾಲು ಹೆಗಲಿಗೆ ಜಾರಿತ್ತು. ಅದನ್ನು ಮೇಲೆಳೆದುಕೊಳ್ಳುವುದು ಅವಳಿಗೆ ನೆನಪಾಗಲಿಲ್ಲ. ಬರಿಗಾಲಲ್ಲೇ, ಕುರ್ಚಿಗಳನ್ನು ಸರಿಸಿಕೊಂಡು, ಅಷ್ಟೂ ಸಾರ್ವಜನಿಕರ ನಡುವಿನಿಂದ ದಾಟಿ ಬಂದು ಅತ್ತೆಯ ಗಲ್ಲ ಹಿಡಿದು ಎತ್ತಿದಳು. "ಮುಖ ಹೇಗೆ ಊದಿದೆ ನೋಡಿ! ಒಂದು ವಾರದಿಂದ ನೋವಿದೆ ಅಂತ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೆ ನೀನು?" ಅಂದಳು ಅತ್ತೆ, ಮೆಲ್ಲಗೆ.

ಸೊಸೆ ಅತ್ತೆಯ ಗಲ್ಲ ಹಿಡಿದ ಕೈಯನ್ನು ಬಿಡದೆ ಹಾಗೆಯೇ ನಿಂತಳು. ಬಾಗಿಲ ಹತ್ತಿರ ಕಾವಲಿಗೆ ನಿಂತಿದ್ದ ಪೇದೆ, ಇಬ್ಬರು ಅಪರಾಧಿಗಳು ಕಣ್ಣೆದುರೇ ಸಿಕ್ಕಿದ್ದರೂ, ಟೋಪಿ ತೆಗೆದು ಅದರ ಒಳಗೆ ಏನೋ ಹುಡುಕತೊಡಗಿದ. ಟೀಚರಮ್ಮ ಕೆಳಗೆ ಬಿದ್ದ ಫಲಕ ಎತ್ತಿ, ಅದರ ಮೇಲೆ ಬರೆದದ್ದನ್ನು ಇನ್ನೊಂದು ಸಲ ಓದಿಕೊಂಡರು. ಆಮೇಲೆ ಎಡಗಡೆಯ ಸಾಲಿಗೆ ಹೋಗಿ, ಸೊಸೆ ಬಿಟ್ಟು ಬಂದಿದ್ದ ಚಪ್ಪಲಿ ಹುಡುಕಿ ತಂದು ಅವಳ ಕಾಲ ಹತ್ತಿರ ಇಟ್ಟರು.

ಸಮಿತಿ ಏನು ತೀರ್ಮಾನಿಸಿತು ಎಂದು ಕೇಳುತ್ತೀರೇನೋ. ವಿಷಯವನ್ನು ಹೆಚ್ಚಿನ ಅಧ್ಯಯನಕ್ಕಾಗಿ ಮುಂದೂಡಿತು. ಸಮಿತಿಗಳು ಇರುವುದೇ ಅದಕ್ಕೆ.

ಅತ್ತೆ ಸೊಸೆ ಹಾಲಿನಿಂದ ನೇರವಾಗಿ ಒಬ್ಬ ನಿಜವಾದ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಸೊಸೆ ಹಲ್ಲಿನ ಕ್ಲಿನಿಕ್ಕಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಮೇಲೇಳುವ ಕುರ್ಚಿ, ಬಾಯೊಳಗೆ ಬಿಡುವ ದೀಪ, ಗುರ್ರೆನ್ನುವ ಯಂತ್ರ ಎಲ್ಲವನ್ನೂ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದಳು. ಇಷ್ಟು ವರ್ಷ ತಾನು ಅತ್ತೆಗೆ ಹೇಳಿದ ವರ್ಣನೆ ಒಂದೂ ತಾಳೆಯಾಗಲಿಲ್ಲ. "ನನ್ನ ಸೊಸೆಗೂ ಈ ಕೆಲಸ ಸ್ವಲ್ಪ ಗೊತ್ತು ಡಾಕ್ಟ್ರೇ" ಎಂದು ಅತ್ತೆ ಕುರ್ಚಿಗೆ ಒರಗುವ ಮೊದಲೇ ಕೀಟಲೆ ಮಾಡಿದಳು. ಹಲ್ಲು ಕೀಳುವಾಗ ಸೊಸೆಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಕಿರುಚಿದ್ದು ಸೊಸೆ.

ಹೊರಡುವಾಗ ಡಾಕ್ಟರು ಮೇಜಿನ ಖಾನೆಯಿಂದ ಒಂದು ಹಳದಿ ಬ್ರಷ್ಷು ತೆಗೆದು ಅತ್ತೆಯ ಕೈಗಿಟ್ಟರು. "ಇಟ್ಕೊಳ್ಳಿ ಅಜ್ಜಿ, ಕಂಪನಿಯವರು ಸುಮ್ನೆ ಕೊಡ್ತಾರೆ."

ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಬ್ರಷ್ಷು ನೋಡಿದಳು. "ನಿಜವಾಗ್ಲೂ ಕೊಡ್ತಾರೆ ಅತ್ತೆ!" ಅಂದಳು. ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಇಬ್ಬರೂ ಕೂತು, ಒಬ್ಬಳು ಬಾಯಿ ತುಂಬ ಹತ್ತಿ ಇಟ್ಟುಕೊಂಡು, ಇನ್ನೊಬ್ಬಳು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ನೀರಲ್ಲಿ ನಗುವಿನದ್ದೆಷ್ಟು ಅಳುವಿನದ್ದೆಷ್ಟು ಎಂದು ಇಬ್ಬರೂ ನೋಡಲು ಹೋಗಲಿಲ್ಲ.

ಆಶ್ರಮದ ಮಾತು ಮತ್ತೆ ಬರಲಿಲ್ಲ. ಎರಡು ದಿನ ಸೊಸೆ ಮನೆಯಲ್ಲೇ ಇದ್ದು ಬ್ರೆಡ್ಡು ನೆನೆಸಿ ಕೊಟ್ಟಳು. ಮೂರನೇ ದಿನ ಮಧ್ಯಾಹ್ನ ಕನ್ನಡಿಯ ಮುಂದೆ ಜಡೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು ಯಾವಾಗಿನ ಹಾಗೆ, "ಅತ್ತೆ, ಕ್ಲಿನಿ..." ಎಂದು ಶುರು ಮಾಡಿ, ತಡೆದು, "ಕೆಲಸಕ್ಕೆ ಹೋಗಿ ಬರ್ತೀನಿ" ಅಂದಳು.

"ಹೋಗಿ ಬಾ. ಮೋಡ ಆಗಿದೆ, ಛತ್ರಿ ತಗೊಂಡು ಹೋಗು" ಅಂದಳು ಅತ್ತೆ, ಜಾಡಿಯ ಬ್ರಷ್ಷುಗಳ ಧೂಳು ಒರೆಸುತ್ತಾ. "ಮರ್ತು ಹೋದ್ರೂ ಪರವಾಗಿಲ್ಲ, ತಂದುಕೊಡ್ತೀನಿ. ಒಂದ್ಸಲ ತಂದಿದ್ದೆ, ದಾರಿ ಗೊತ್ತು."

ಸೊಸೆ ಛತ್ರಿಗೆ ಚಾಚಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ತೊಟತೊಟ ನೆನೆದು ಬಂದ ಆ ಹಳೆಯ ದಿನ ಅವಳ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಮೊಳೆಯಿಂದ ಛತ್ರಿ ತೆಗೆದುಕೊಂಡಳು.

"ಬಂದ್ರೆ ಈ ಸಲ ಮೇಲೆ ಬಂದು ಟೀ ಕುಡಿದು ಹೋಗಿ ಅತ್ತೆ" ಅಂದಳು. "ಬೀದಿಯಿಂದಲೇ ವಾಪಸ್ ಹೋಗಬೇಡಿ."

ಅವಳು ಮೆಟ್ಟಿಲಿಳಿದ ಸದ್ದು ಕೇಳಿಸಿತು. ಅತ್ತೆ ರೇಡಿಯೋ ಹಾಕಿದಳು.